ಚಾರ್ಮಾಡಿಯ ತಿರುವಿನಲ್ಲಿ ಕುದಿದ ಕಾರು

ಉಜಿರೆ ಬಿಟ್ಟು ಮುಂಡಾಜೆ, ಕಕ್ಕಿಂಜೆ ದಾಟಿ ಚಾರ್ಮಾಡಿಗೆ ಬರುವ ಹೊತ್ತಿಗೆ ಅಡಿಕೆ ತೋಟಗಳು ಹಿಂದೆ ಸರಿದು, ಎದುರಿಗೆ ಬೆಟ್ಟಸಾಲು ಗೋಡೆ ಕಟ್ಟಿದ ಹಾಗೆ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಮೃತ್ಯುಂಜಯ ಹೊಳೆ. ಹೊಸಬರು ಇಲ್ಲಿ ಕ್ಯಾಮೆರಾ ಹೊರತೆಗೆಯುತ್ತಾರೆ. ನಾನು ಮಾತ್ರ ಕಾರಿನ ಉಷ್ಣತೆಯ ಮುಳ್ಳು ಎಲ್ಲಿದೆಯೆಂದು ಇಣುಕುತ್ತೇನೆ. ಈ ಚಟ ಅಂಟಿದ್ದು 1997ರ ಮೇ ತಿಂಗಳಲ್ಲಿ. ಅದರ ಗುರುತು ನನ್ನ ಬಲ ಮುಂಗೈ ಮೇಲೆ ಇವತ್ತಿಗೂ ಇದೆ.

ಆಗ ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಕಡೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟರಾಗಿ ಎರಡು ವರ್ಷವಾಗಿತ್ತು. ಭಾವನವರ ಹಳೆಯ ಕಾರಿನಲ್ಲಿ ಅಮ್ಮ, ಅಕ್ಕ, ಭಾವ, ಅಕ್ಕನ ನಾಲ್ಕು ವರ್ಷದ ಮಗಳು ಮತ್ತು ನಾನು ಧರ್ಮಸ್ಥಳಕ್ಕೆ ಹೋಗಿ, ಊಟ ಮುಗಿಸಿ, ಮಧ್ಯಾಹ್ನ ಎರಡೂವರೆಗೆ ಹೊರಟಿದ್ದೆವು. ಘಾಟಿಯ ಹಾದಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿಯಿದೆ. ಚಾಲಕರು ಅಲ್ಲಿ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುವುದು ರೂಢಿ. (ಆ ನೆಪದಲ್ಲಿ ಎಂಜಿನ್ನಿಗೂ ಐದು ನಿಮಿಷ ಉಸಿರು ಸಿಗುತ್ತದೆ ಎಂಬುದು ನನಗೆ ಹೊಳೆದದ್ದು ಬಹಳ ಕಾಲದ ಮೇಲೆ.) ಅವತ್ತು ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಭಾವನವರು ಕಾರಿನಿಂದಲೇ ಕೈಮುಗಿದರು.

ಮುಂದಿನ ಮೂರ್ನಾಲ್ಕು ತಿರುವು ದಾಟಿರಬಹುದು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಬದಿಗೆ ನಿಲ್ಲಿಸಿದೆವು. ಭಾವನವರಿಗೆ ಗಾಬರಿ, ನನಗೋ ವಿಜ್ಞಾನದ ಮೇಷ್ಟರೆಂಬ ಹಮ್ಮು. "ನೀರು ಆವಿಯಾಗಿದೆ, ಹಾಕಿದರೆ ಸರಿಹೋಗುತ್ತದೆ" ಎಂದವನೇ ಟವೆಲು ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದೆ. ಅಕ್ಕನ ಮಗಳು "ಮಾಮ, ಹೊಗೆ, ಹೊಗೆ" ಎನ್ನುತ್ತಾ ಪಕ್ಕಕ್ಕೇ ಬಂದು ನಿಂತಿದ್ದಳು.

ಹಿಂದಿನಿಂದ ಏರಿ ಬರುತ್ತಿದ್ದ ಲಾರಿಯೊಂದು ನಿಂತಿತು. "ಎಂತ ಮಾಡ್ತೀರಿ ಮಾರಾಯ್ರೆ, ಕೈ ತೆಗೀರಿ!" ಎಂದು ಕೂಗುತ್ತಲೇ ಚಾಲಕ ಇಳಿದು ಓಡಿಬಂದ. ಅಷ್ಟರಲ್ಲಿ ಮುಚ್ಚಳ ಅರ್ಧ ತಿರುಗಿತ್ತು. ಆತ ಒಂದು ಕೈಯಲ್ಲಿ ಮಗುವನ್ನು ಸೊಂಟಕ್ಕೆ ಹಿಡಿದೆತ್ತಿ ಹಿಂದಕ್ಕೆ ಹಾರಿದ. ಮರುಗಳಿಗೆ ಮುಚ್ಚಳ ಸಿಡಿದು, ಕೆಂಪು ತುಕ್ಕಿನ ಬಣ್ಣದ ಕುದಿನೀರು ಆಳೆತ್ತರ ಚಿಮ್ಮಿತು. ಮಗು ನಿಂತಿದ್ದ ಜಾಗವೆಲ್ಲ ಒದ್ದೆ. ನನ್ನ ಮುಂಗೈ ಸುಟ್ಟಿತ್ತು. ಟವೆಲು ಇಲ್ಲದಿದ್ದರೆ ಬೆರಳುಗಳೂ ಹೋಗುತ್ತಿದ್ದವು. ಪಕ್ಕದ ಬಂಡೆಯಿಂದ ಇಳಿಯುತ್ತಿದ್ದ ಝರಿಯ ಕೆಳಗೆ ಕೈ ಹಿಡಿದು ಕಾಲು ಗಂಟೆ ಕೂತೆ. ಅಕ್ಕ ಆವತ್ತು ನನ್ನೊಡನೆ ಮಾತಾಡಲಿಲ್ಲ.

ನಾಚಿಕೆಯ ಸಂಗತಿಯೆಂದರೆ, ಅದಕ್ಕೆ ಮೂರು ತಿಂಗಳ ಹಿಂದಷ್ಟೇ ನಾನು ಒಂಬತ್ತನೇ ತರಗತಿಯಲ್ಲಿ ಪ್ರೆಷರ್ ಕುಕ್ಕರಿನ ಪಾಠ ಮಾಡಿದ್ದೆ. ಒತ್ತಡ ಹೆಚ್ಚಿದರೆ ಕುದಿಯುವ ಬಿಂದು ಹೆಚ್ಚುತ್ತದೆ ಎಂದು ಬೋರ್ಡಿನ ಮೇಲೆ ಬರೆಸಿದ್ದೆ. ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ, ಅದೂ ಒಂದು ಕುಕ್ಕರಿನ ವೆಯ್ಟೇ. ಅನೇಕ ಕಾರುಗಳ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿರುತ್ತದೆ. ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚಿನ ಒತ್ತಡವನ್ನು ಅದು ಒಳಗೆ ತಡೆದಿಡುತ್ತದೆ ಎಂದರ್ಥ. ಆ ಒತ್ತಡದಲ್ಲಿ ನೀರು 118 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ತಕ್ಷಣ ಒತ್ತಡ ಇಳಿಯುತ್ತದೆ, ಕುದಿಯುವ ಬಿಂದು 100ಕ್ಕೆ ಬೀಳುತ್ತದೆ, ಆದರೆ ನೀರು ಇನ್ನೂ 115ರಲ್ಲೇ ಇರುತ್ತದೆ!

ವಿದ್ಯಾರ್ಥಿಗಳು ಪೆನ್ನು ಹಿಡಿದು ಲೆಕ್ಕ ಮಾಡಿ ನೋಡಬಹುದು. ಒಳಗೆ 5 ಲೀಟರ್ ನೀರು 115 ಡಿಗ್ರಿಯಲ್ಲಿದೆ ಎನ್ನಿ. ಅದು 100ಕ್ಕೆ ಇಳಿಯಲು ಬಿಟ್ಟುಕೊಡುವ ಶಾಖ ಸುಮಾರು 140 ಗ್ರಾಂ ನೀರನ್ನು ಆವಿ ಮಾಡುತ್ತದೆ. 140 ಗ್ರಾಂ ಎಂದರೆ ಒಂದು ಲೋಟಕ್ಕಿಂತ ಕಡಿಮೆ. ಆದರೆ ನೀರು ಆವಿಯಾದಾಗ 1600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಅಂದರೆ ಒಂದು ಡೀಸೆಲ್ ಡ್ರಮ್ಮನ್ನು ಮೀರಿಸುವಷ್ಟು, 200 ಲೀಟರಿಗೂ ಹೆಚ್ಚು ಹಬೆ, ಒಂದೆರಡು ಸೆಕೆಂಡಿನಲ್ಲಿ, ರೂಪಾಯಿಯಗಲದ ಬಾಯಿಂದ ಹೊರಬರಬೇಕು. ಬರುವಾಗ ಉಳಿದ ನೀರನ್ನೂ ಎಳೆದು ತರುತ್ತದೆ. ನನ್ನ ಮುಂಗೈ ಮೇಲೆ ಬಿದ್ದದ್ದು ಅದು.

ಘಾಟಿಯಲ್ಲೇ ಇದೇಕೆ? ಐದು ಜನ ತುಂಬಿದ ಕಾರು 1200 ಕಿಲೋಗ್ರಾಂ, ಏರುವ ಎತ್ತರ 700 ಮೀಟರ್ ಎಂದು ಲೆಕ್ಕಕ್ಕೆ ಹಿಡಿಯೋಣ. ಅದನ್ನು ಎತ್ತಲು ಬೇಕಾದ ಶಕ್ತಿ ಸುಮಾರು 82 ಲಕ್ಷ ಜೂಲ್. ಪೆಟ್ರೋಲು ಎಂಜಿನ್ ಕೆಲಸಕ್ಕೆ ಬಳಸುವಷ್ಟೇ ಶಾಖವನ್ನು ಹೆಚ್ಚುಕಡಿಮೆ ತಂಪುಮಾಡುವ ನೀರಿಗೂ ಸುರಿಯುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೋಗುತ್ತದೆ. ಹಾಗಾದರೆ ರೇಡಿಯೇಟರು ಗಾಳಿಗೆ ಬಿಡಬೇಕಾದದ್ದೂ 82 ಲಕ್ಷ ಜೂಲ್. ಬಿಡದೆ ಹೋದರೆ ಕುದಿಯುತ್ತಿರುವ ಮೂರೂವರೆ ಲೀಟರ್ ನೀರು ಪೂರ್ತಿ ಆವಿಯಾಗುತ್ತದೆ. ಬಯಲಿನಲ್ಲಿ 60ರ ವೇಗದಲ್ಲಿ ಎದುರಿನ ಗಾಳಿಯೇ ಈ ಕೆಲಸ ಮಾಡಿಕೊಡುತ್ತದೆ. ಚಾರ್ಮಾಡಿಯಲ್ಲಿ 20ರ ವೇಗ, ಎಂಜಿನ್ನಿಗೆ ಮೈಮುರಿ ದುಡಿಮೆ. ಇನ್ನೊಂದು ಸಂಗತಿ ಹೇಳಿದವನು ಆ ಲಾರಿ ಚಾಲಕನೇ: ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಘಾಟಿ ಏರುವವನ ಬೆನ್ನಿಗೆ! ಮೂತಿಗೆ ಸಿಗಬೇಕಾದ ಗಾಳಿಯೂ ಸಿಗುವುದಿಲ್ಲ. "ಬೆಳಿಗ್ಗೆ ಬೇಗ ಹತ್ತಬೇಕು ಮಾಸ್ಟ್ರೇ" ಎಂದ. ಈ ಪಾಠ ನಮ್ಮ ಪುಸ್ತಕದಲ್ಲಿರಲಿಲ್ಲ.

ಎಂಜಿನ್ ಆರಲು ಒಂದು ಗಂಟೆ ಹಿಡಿಯಿತು. ನಾನು ಝರಿಯ ನೀರು ತಂದು ಒಮ್ಮೆಗೇ ಸುರಿಯಲು ಹೋದಾಗ ಚಾಲಕ ಮತ್ತೆ ತಡೆದ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿಸಿ ಗಾಜಿನ ಲೋಟದ ಗತಿಯೇ. ಎಂಜಿನ್ ಚಾಲೂ ಮಾಡಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿಸಿದ. ಫ್ಯಾನ್ ಬೆಲ್ಟ್ ಒತ್ತಿ ನೋಡಿ, ಸಡಿಲವಾಗಿದೆ ಎಂದು ಬಿಗಿಮಾಡಿದ. ದುಡ್ಡು ಕೊಡಹೋದರೆ ಮಗುವಿನ ಕೆನ್ನೆ ತಟ್ಟಿ ಹೊರಟೇಹೋದ. ಹೆಸರು ಕೇಳಲು ನಮಗೆ ತೋಚಲಿಲ್ಲ.

ನಿಜವಾದ ರೋಗ ಗೊತ್ತಾದದ್ದು ಮರುದಿನ ಮೂಡಿಗೆರೆಯ ಗ್ಯಾರೇಜಿನಲ್ಲಿ. ರೇಡಿಯೇಟರು ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಅರ್ಧಕ್ಕರ್ಧ ಬಿಳಿ ಸುಣ್ಣದಂಥ ಪದರ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನ ಮಹಿಮೆ ಅದು! ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟಾಗಿ ಗಟ್ಟಿ ಕೂರುತ್ತದೆ. ಸ್ನಾನದ ಹಂಡೆಯ ತಳದಲ್ಲಿ ನೀವು ನೋಡಿರುವುದೂ ಅದನ್ನೇ. ಶಾಖ ದಾಟಿಸುವುದರಲ್ಲಿ ಅದು ಲೋಹಕ್ಕಿಂತ ಬಹಳ ಹಿಂದೆ. ಭಾವನವರು ಪ್ರತಿ ವಾರ ಭಕ್ತಿಯಿಂದ ತುಂಬಿಸುತ್ತಿದ್ದ ನೀರೇ ಕಾರಿನ ಗಂಟಲು ಕಟ್ಟಿತ್ತು.

ಈಗ ಗಾಡಿಗಳು ಬದಲಾಗಿವೆ. ನೀರಿಗೆ ಗ್ಲೈಕಾಲ್ ಬೆರೆಸಿದ ಬಣ್ಣದ ಕೂಲೆಂಟ್ ಬಂದಿದೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ದಾರಿಯೂ ಬದಲಾಗಿದೆ. 2019ರ ಆಗಸ್ಟಿನ ಮಳೆಗೆ ಇಲ್ಲಿ ಗುಡ್ಡ ಕುಸಿದು ಹಲವು ದಿನ ವಾಹನಗಳೇ ಓಡಲಿಲ್ಲ. ಬದಲಾಗದ್ದು ಇಳಿಜಾರು ಮತ್ತು ಅವಸರ.

ಕಳೆದ ಬೇಸಿಗೆಯಲ್ಲಿ ಅದೇ ಘಾಟಿ ಏರಿದೆವು. ಸ್ಟಿಯರಿಂಗ್ ಹಿಡಿದವಳು ಅಕ್ಕನ ಮಗಳು, ಹಿಂದಿನ ಸೀಟಿನಲ್ಲಿ ಅವಳ ಮಗ. ಅವಳ ಹೊಸ ಕಾರಿನಲ್ಲಿ ಮುಳ್ಳೇ ಇಲ್ಲ, ಒಂದು ಪುಟ್ಟ ಕೆಂಪು ದೀಪ ಮಾತ್ರ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಮುಳ್ಳಾದರೆ ಏರುವಾಗಲೇ ಎಚ್ಚರಿಸುತ್ತದೆ, ದೀಪ ಹತ್ತುವುದು ಏರಿದ ಮೇಲೆ. ಅರ್ಧ ಘಾಟಿಯಲ್ಲಿ ಅದು ಹತ್ತಿತು. "ಮಾಮ, ಇನ್ನೆಷ್ಟು ದೂರ, ಕೊಟ್ಟಿಗೆಹಾರಕ್ಕೇ ಹೋಗಿ ನಿಲ್ಲಿಸ್ತೀನಿ" ಎಂದಳು.

"ಈಗಲೇ ನಿಲ್ಲಿಸು" ಎಂದೆ. ದನಿ ಜೋರಾಯಿತೇನೋ, ಮಗು ಬೆಚ್ಚಿತು. ನನ್ನ ಸಹೋದ್ಯೋಗಿಯೊಬ್ಬರು ಹೀಗೇ "ಇನ್ನೆರಡು ಕಿಲೋಮೀಟರ್" ಎಂದು ಓಡಿಸಿ, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ಎರಡು ತಿಂಗಳ ಸಂಬಳ ತೆತ್ತಿದ್ದರು. ನೀರು ಪೂರ್ತಿ ಸೋರಿಹೋದರೆ ಇನ್ನೂ ಮೋಸ. ಉಷ್ಣತೆ ಅಳೆಯುವ ಸಾಧನಕ್ಕೆ ನೀರೇ ತಾಗದೆ, ಎಂಜಿನ್ ಸುಡುತ್ತಿದ್ದರೂ ಅದು ತಣ್ಣಗಿದೆ ಎಂದೇ ಹೇಳಬಹುದು.

ಅಗಲವಾದ ಜಾಗ ಕಂಡು ಅವಳು ನಿಲ್ಲಿಸಿದಳು. ಮಗುವನ್ನು ತಡೆಗೋಡೆಯಿಂದ ದೂರ, ನೆರಳಿನ ಬಂಡೆಯ ಮೇಲೆ ಕೂರಿಸಿದೆವು. ಮುಕ್ಕಾಲು ಗಂಟೆ ಯಾರೂ ಮುಚ್ಚಳ ಮುಟ್ಟಲಿಲ್ಲ. ಕಾರಿನ ಕೆಳಗೆ ಹಸಿರು ಹನಿಗಳು ಕಂಡವು. ರಬ್ಬರ್ ಹೋಸಿನ ಕ್ಲಿಪ್ಪು ಸಡಿಲವಾಗಿತ್ತು. ಸ್ಕ್ರೂಡ್ರೈವರಿನಿಂದ ಅವಳೇ ಬಿಗಿದಳು. ಕೈಗೆ ತಣ್ಣಗೆ ತಾಗುತ್ತದೆ ಎಂದು ಖಾತ್ರಿಯಾದ ಮೇಲೆ ಬಟ್ಟೆ ಹಾಕಿ, ಮುಖ ಹಿಂದಕ್ಕೆ ಮಾಡಿ ಮುಚ್ಚಳ ತೆಗೆದಳು. ಸಣ್ಣಗೆ 'ಉಸ್' ಎಂದಿತು, ಅಷ್ಟೇ. ಕುಡಿಯಲು ತಂದಿದ್ದ ಎರಡು ಬಾಟಲಿ ನೀರು ಒಳಗೆ ಹೋಯಿತು.

ಕೊಟ್ಟಿಗೆಹಾರ ಮುಟ್ಟಿದಾಗ ಮಂಜು ಇಳಿದಿತ್ತು. ನೀರುದೋಸೆಗೆ ಕಾಯುತ್ತಾ ಕೂತಾಗ, ಆ ಲಾರಿಯವನ ಕಥೆಯನ್ನು ಅವಳಿಗೆ ಮೊದಲ ಸಲ ಪೂರ್ತಿ ಹೇಳಿದೆ. ತಾಯಿ ಅವಳಿಗೆ ಅರ್ಧ ಮಾತ್ರ ಹೇಳಿದ್ದಳಂತೆ. ಅವಳು ನನ್ನ ಮುಂಗೈ ಎಳೆದುಕೊಂಡು ಆ ಗುರುತನ್ನು ನೋಡಿದಳು. ಆಮೇಲೆ ಮಗನಿಗೂ ತೋರಿಸಿದಳು.