ಫ್ಯಾನ್ ಕೂಗುತ್ತಿತ್ತು, ನಾನು ಹಾಡು ಹಾಕಿಕೊಂಡು ಕೂತಿದ್ದೆ

ಗುಂಯ್ ಅಂತ ಶುರುವಾಗುತ್ತಿತ್ತು. ಇಪ್ಪತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತಿತ್ತು. ಇನ್ನು ಸುಮ್ಮನಾಯಿತು ಅಂದುಕೊಳ್ಳುವುದರೊಳಗೆ ಮತ್ತೆ ಗುಂಯ್. ನನ್ನ ಲ್ಯಾಪ್‌ಟಾಪ್ ಒಳಗಿನ ಫ್ಯಾನ್ ಹೀಗೆ ಮಾಡತೊಡಗಿ ಮೂರು ತಿಂಗಳಾಗಿತ್ತು. ಒಂದು ರಾತ್ರಿ ಅವ್ವ, "ಅದಕ್ಕೇನರ ದಮ್ಮು ಹತ್ಯಾದೇನೋ?" ಅಂತ ಕೇಳಿದಳು. ನಾನು ನಕ್ಕು ಸುಮ್ಮನಾದೆ. ಆಮೇಲೆ ನೋಡಿದರೆ ರೋಗ ಅವ್ವ ಹೇಳಿದ್ದೇ ಆಗಿತ್ತು.

ನಾನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವನು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದ ಮೇಲೆ ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರನಾಗಿ ದುಡಿಯುತ್ತಿದ್ದೇನೆ. ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಲ್ಯಾಪ್‌ಟಾಪ್ 2019ರಲ್ಲಿ 18,000 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್. ಹೆಂಡತಿ ಸಂಘದಲ್ಲಿ ಎತ್ತಿದ ಸಾಲದ ದುಡ್ಡು ಅದು. ನಮ್ಮ ಬಾಡಿಗೆ ಮನೆ ಹಿಟ್ಟಿನ ಗಿರಣಿಗೆ ಹತ್ತಿಕೊಂಡಿದೆ. ಈ ಗಿರಣಿ ಮಾತು ನೆನಪಿರಲಿ, ಮುಂದೆ ಬರುತ್ತದೆ.

2023ರ ಮಾರ್ಚ್ ತಿಂಗಳು. ಎಡದಂಡೆ ನಾಲೆಯ ಕೊನೆ ಭಾಗದ ಒಂದು ಊರಿಗೆ ಹೋಗಿದ್ದೆ. ಭತ್ತ ತೆನೆ ಕಟ್ಟುವ ಹೊತ್ತು. ಹತ್ತು ದಿನದಿಂದ ನೀರು ಅಲ್ಲಿಗೆ ಮುಟ್ಟಿರಲಿಲ್ಲ, ಗದ್ದೆಗಳು ಬಿರುಕು ಬಿಟ್ಟಿದ್ದವು. ಮೂರು ಎಕರೆ ಭತ್ತ ಹಾಕಿದ್ದ ಒಬ್ಬ ಮುತ್ಯಾ ನನ್ನ ಕೈ ಹಿಡಿದು, "ನಾಳಿ ಪೇಪರಿನ್ಯಾಗ ಬರ್ತದಲ್ರಿ?" ಅಂತ ಕೇಳಿದ. "ಬರ್ತದ ಮುತ್ಯಾ" ಅಂತ ಮಾತು ಕೊಟ್ಟು ಬಂದೆ.

ಸಂಜೆ ಏಳಕ್ಕೆ ಬರೆಯಲು ಕೂತೆ. ಮಂಚದ ಮೇಲೆ ಕೌದಿ, ಕೌದಿ ಮೇಲೆ ಲ್ಯಾಪ್‌ಟಾಪ್. ಅದು ನನ್ನ ದಿನದ ಜಾಗ. ಫ್ಯಾನ್ ಎಂದಿನಂತೆ ಏಳುತ್ತಿತ್ತು, ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಾನು ಒತ್ತಿದ ಅಕ್ಷರ ತಡವಾಗಿ ಮೂಡತೊಡಗಿತು. 7.40ಕ್ಕೆ ಪರದೆ ಕಪ್ಪಾಯಿತು. ಕೆಳಗೆ ಕೈ ಇಟ್ಟರೆ ರೊಟ್ಟಿ ಹಂಚಿನಂಥ ಬಿಸಿ. ಆರುವ ತನಕ ಅದು ಮತ್ತೆ ಚಾಲೂ ಆಗಲಿಲ್ಲ. ಫೋನಿನಲ್ಲೇ ನಾಲ್ಕು ಸಾಲು ಬರೆದು ಕಳಿಸುವಷ್ಟರಲ್ಲಿ 8.20. ಡೆಸ್ಕಿನಿಂದ, "ಪೇಜ್ ಹೋಯ್ತು ರೀ" ಅಂದರು.

ಬೆಳಿಗ್ಗೆ ಮುತ್ಯಾನ ಫೋನ್. "ಮೊಮ್ಮಗನ ಕಡಿಂದ ಪೇಪರ್ ಪೂರಾ ಓದಿಸಿದೆ. ನಮ್ಮೂರ ಹೆಸರು ಎಲ್ಲೂ ಇಲ್ಲಲ್ರಿ." ಏನು ಹೇಳಲಿ? ಫ್ಯಾನ್ ಕೆಟ್ಟಿತ್ತು ಅನ್ನಲೇ? "ಕಳಿಸ್ತೀನಿ ಮುತ್ಯಾ" ಅಂತಷ್ಟೇ ಹೇಳಿ ಫೋನಿಟ್ಟೆ.

ಅವತ್ತೇ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಆನ್ ಮಾಡಿದ, ಒಂದು ನಿಮಿಷ ಕಿವಿಗೊಟ್ಟ, "ಮದರ್‌ಬೋರ್ಡ್ ಹೋಗ್ಯಾದ ಸರ್. 7,500 ಆಗ್ತದ, ಬಿಟ್ಟು ಹೋಗ್ರಿ" ಅಂದ. ನನಗೆ ಅದು ಎರಡು ತಿಂಗಳ ದುಡಿಮೆ. ವಾಪಸ್ ತಂದೆ. ಜಾಣತನದಿಂದಲ್ಲ, ಜೇಬಿನಲ್ಲಿ ದುಡ್ಡಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಬೇರೆಯವರ ಊರಿನ ಸಮಸ್ಯೆಗೆ ಯಾವಾಗ, ಎಲ್ಲಿ, ಯಾಕೆ, ಹೇಗೆ ಅಂತ ಕೇಳುತ್ತೇನೆ. ನನ್ನ ಮಂಚದ ಮೇಲಿನ ಸಮಸ್ಯೆಗೆ ಒಮ್ಮೆಯೂ ಕೇಳಿರಲಿಲ್ಲ. ಎದ್ದು ನೋಟ್‌ಬುಕ್ ತೆಗೆದೆ. ಗಡಿಯಾರ ಎದುರಿಗಿಟ್ಟುಕೊಂಡು ಫ್ಯಾನ್ ಎಷ್ಟು ಸಲ ಏಳುತ್ತದೆ ಅಂತ ಗೀಟು ಹಾಕುತ್ತ ಕೂತೆ.

ಕೌದಿ ಮೇಲೆ, ಏನೂ ಕೆಲಸ ಮಾಡದೆ, 15 ನಿಮಿಷಕ್ಕೆ 18 ಸಲ. ಊಟಕ್ಕೆ ಕೂಡುವ ಮಣೆ ಮೇಲೆ ಇಟ್ಟೆ, 11 ಸಲ. ಕಾರಣ ಸರಳ. ನನ್ನ ಲ್ಯಾಪ್‌ಟಾಪ್ ಕೆಳಗಿನ ಕಿಂಡಿಯಿಂದ ಗಾಳಿ ಎಳೆದು ಪಕ್ಕದಿಂದ ಬಿಡುತ್ತದೆ. ಕೌದಿ ಅದರ ಮೂಗು ಮುಚ್ಚಿತ್ತು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದೆ. ವಿಂಡೋಸ್‌ನಲ್ಲಿ ಹಾಗೆ ಮಾಡಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು ಅನ್ನುವ ಕಡೆ ಒತ್ತಿದರೆ ಹೆಚ್ಚು ದುಡಿಸುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ನಾನು ಸುಮ್ಮನೆ ಕೂತರೂ ಒಂದು ಪ್ರೋಗ್ರಾಂ ನನ್ನ ಹಳೆಯ ಫೋಟೊಗಳನ್ನೆಲ್ಲ ಇಂಟರ್‌ನೆಟ್‌ಗೆ ಏರಿಸುತ್ತ ಕೂತಿತ್ತು. ಬ್ರೌಸರ್‌ನಲ್ಲಿ 23 ಪುಟ ತೆರೆದಿದ್ದವು. ಎಲ್ಲ ಮುಚ್ಚಿದೆ. ಆನ್ ಮಾಡಿದ ಕೂಡಲೇ ತಾವಾಗಿಯೇ ಏಳುತ್ತಿದ್ದ ಬೇಡದ ಪ್ರೋಗ್ರಾಂಗಳನ್ನೂ ಬಂದ್ ಮಾಡಿದೆ. ಲೆಕ್ಕ 7ಕ್ಕೆ ಇಳಿಯಿತು.

ಆದರೂ 7 ಸಲ ಯಾಕೆ? ಫ್ಯಾನ್ ಜೋರಾಗಿ ತಿರುಗುವಾಗ ಪಕ್ಕದ ಕಿಂಡಿ ಎದುರು ಒಂದು ಕಾಗದದ ಚೂರು ಹಿಡಿದೆ. ಅಲ್ಲಾಡಲೇ ಇಲ್ಲ. ಸದ್ದು ಇತ್ತು, ಗಾಳಿ ಇರಲಿಲ್ಲ.

ಈ ಫ್ಯಾನ್ ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಆಟೊಮ್ಯಾಟಿಕ್ ಸ್ವಿಚ್ ಇದ್ದ ಹಾಗೆ. ನೀರು ಒಂದು ಗೆರೆಗಿಂತ ಇಳಿದರೆ ಮೋಟರ್ ಶುರು, ಮೇಲಿನ ಗೆರೆ ಮುಟ್ಟಿದರೆ ಬಂದ್. ಇಲ್ಲಿ ನೀರಿನ ಬದಲು ಬಿಸಿ. ಬಿಸಿ ಮೇಲಿನ ಗೆರೆ ದಾಟಿದರೆ ಫ್ಯಾನ್ ಶುರು, ಕೆಳಗಿನ ಗೆರೆಗೆ ಇಳಿದರೆ ಬಂದ್. ಟ್ಯಾಂಕ್ ಸೋರುತ್ತಿದ್ದರೆ ಮೋಟರ್ ಗಳಿಗೆಗೊಮ್ಮೆ ಏಳುತ್ತದೆ. ಅದು ಮೋಟರಿನ ತಪ್ಪಲ್ಲ. ಫ್ಯಾನ್ ಕೂಡ ತನ್ನ ಕೆಲಸ ತಾನು ಮಾಡುತ್ತಿತ್ತು. ಬಿಸಿ ಹೊರಗೆ ಹೋಗುವ ದಾರಿ ಎಲ್ಲೋ ಕಟ್ಟಿತ್ತು.

ಮರುದಿನ ಹಳೆ ಬಸ್ ಸ್ಟ್ಯಾಂಡ್ ಹತ್ತಿರದ ಚಾಚಾನ ಅಂಗಡಿಗೆ ಹೋದೆ. ಮೊದಲು ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದವರು. ಈಗ ಮೊಬೈಲ್, ಲ್ಯಾಪ್‌ಟಾಪ್ ಕೂಡ. ಚಾಚಾ ಅದನ್ನು ಆನ್ ಮಾಡಲಿಲ್ಲ. ತಿರುವಿ ಹಾಕಿ ಕಿಂಡಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಗಿರಣಿ ಹತ್ರ ಇರ್ತೀರೇನ್ರಿ?" ಅಂದರು.

ನನಗೆ ಗಾಬರಿ. "ಹೆಂಗ ಗೊತ್ತಾತು ಚಾಚಾ?"

"ರಸ್ತಾದ ಧೂಳು ಕೆಂಪಗ, ಕರ್ರಗ ಇರ್ತದ. ಇದು ಬೆಳ್ಳಗ ಅದ."

ಚಾರ್ಜರ್ ತೆಗೆದು, ಸ್ಕ್ರೂ ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ವೈರ್ ಕಿತ್ತಿಟ್ಟರು. ಫ್ಯಾನಿನ ಮುಂದೆ ಬಾಚಣಿಗೆ ಹಲ್ಲಿನ ಹಾಗೆ ಲೋಹದ ಪಟ್ಟಿಗಳಿರುತ್ತವೆ. ಪ್ರೊಸೆಸರ್‌ನ ಬಿಸಿಯನ್ನು ತಾಮ್ರದ ಕೊಳವೆ ಅಲ್ಲಿಗೆ ತರುತ್ತದೆ, ಫ್ಯಾನಿನ ಗಾಳಿ ಅದನ್ನು ಹೊರಗೆ ಒಯ್ಯುತ್ತದೆ. ಫ್ಯಾನಿಗೂ ಆ ಪಟ್ಟಿಗಳಿಗೂ ನಡುವೆ ಗಿರಣಿಯ ಹಿಟ್ಟು, ಕೌದಿಯ ನೂಲು ಸೇರಿ ಒಂದು ಪದರ ಕಟ್ಟಿತ್ತು. ಚಾಚಾ ಚಿಮಟದಿಂದ ಹಿಡಿದು ಹಪ್ಪಳದ ಹಾಗೆ ಇಡಿಯಾಗಿ ಎತ್ತಿದರು.

"ಮ್ಯಾಲ ಗೇಟ್ ಪೂರಾ ಎತ್ತಿದ್ರೂ ನಾಲಿ ಕೊನಿಗಿ ನೀರು ಯಾಕ ಮುಟ್ಟಂಗಿಲ್ಲ ಹೇಳ್ರಿ?" ಅಂತ ನನ್ನನ್ನೇ ಕೇಳಿದರು.

"ಹೂಳು ಚಾಚಾ."

"ಇದೂ ಅಷ್ಟ."

ನನಗೆ ಮುತ್ಯಾನ ಮುಖ ನೆನಪಾಗಿ ಮಾತು ಹೊರಡಲಿಲ್ಲ.

ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿ ಅಡ್ಡ ಇಟ್ಟು, ಮೆತ್ತನೆ ಬ್ರಷ್‌ನಿಂದ ಒರೆಸಿದರು. ಗೆಳೆಯನೊಬ್ಬ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸು ಅಂದಿದ್ದ. ಅದನ್ನು ಹೇಳಿದ್ದಕ್ಕೆ ಬೈದರು. ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ರಭಸಕ್ಕೆ ರೆಕ್ಕೆ ಹುಚ್ಚೆದ್ದು ತಿರುಗಿ ಬೇರಿಂಗ್ ಹಾಳಾಗುತ್ತದೆ ಅಂತ.

ಪ್ರೊಸೆಸರ್ ಮತ್ತು ತಾಮ್ರದ ನಡುವೆ ಥರ್ಮಲ್ ಪೇಸ್ಟ್ ಅಂತ ಹಚ್ಚಿರುತ್ತಾರೆ. ಬಿಸಿಯನ್ನು ಇಲ್ಲಿಂದ ಅಲ್ಲಿಗೆ ದಾಟಿಸುವುದೇ ಅದರ ಕೆಲಸ. ನನ್ನದರಲ್ಲಿ ಅದು ಒಣಗಿ ಸುಣ್ಣದ ಪುಡಿಯಾಗಿತ್ತು. ಅದು ಒಣಗಿದರೆ ಚಿಕ್ಕ ಕೆಲಸಕ್ಕೂ ಬಿಸಿ ತಟ್ಟನೆ ಏರುತ್ತದೆ, ಕೆಲಸ ನಿಂತ ಕೂಡಲೇ ತಟ್ಟನೆ ಇಳಿಯುತ್ತದೆ. ಫ್ಯಾನ್ ಎದ್ದು ಬಿದ್ದು ಮಾಡುತ್ತಿದ್ದುದು ಅದಕ್ಕೇ. ಚಾಚಾ ಹಳೆಯದನ್ನು ಸ್ಪಿರಿಟ್‌ನಿಂದ ಒರೆಸಿ, ಜೋಳದ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಮುಚ್ಚಿದರು. ಕೂಲಿ, ಪೇಸ್ಟ್ ಸೇರಿ 400 ರೂಪಾಯಿ. ಮದರ್‌ಬೋರ್ಡ್‌ಗೆ ಏನೂ ಆಗಿರಲಿಲ್ಲ.

ಮನೆಗೆ ಬಂದು ಮಣೆ ಮೇಲಿಟ್ಟು ಮತ್ತೆ ಗೀಟು ಹಾಕಲು ಕೂತೆ. 15 ನಿಮಿಷಕ್ಕೆ ಒಂದೇ ಗೀಟು. ಅದೇ ಮಣೆ ಮೇಲೆ ಸುದ್ದಿ ಬರೆದು ಕಳಿಸಿದೆ. ಮುತ್ಯಾನಿಗೆ ಮಾತು ಕೊಟ್ಟು ನಾಲ್ಕನೇ ದಿನಕ್ಕೆ ಒಳಪುಟದಲ್ಲಿ ಒಂದು ಕಾಲಂ ಬಂತು. ಮತ್ತೆ ಮೂರು ದಿನ ಬಿಟ್ಟು ನೀರು ಬಂತು. ಅಷ್ಟರಲ್ಲಿ ಮುತ್ಯಾನ ಒಂದು ಎಕರೆ ಜೊಳ್ಳಾಗಿತ್ತು.

ಹೇಳಿದ ದಿನವೇ ಸುದ್ದಿ ಬಂದಿದ್ದರೆ ಆ ಎಕರೆ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಮುತ್ಯಾ ಒಮ್ಮೆಯೂ ಹಾಗೆ ಅನ್ನಲಿಲ್ಲ. ಆದರೆ ಅವತ್ತು ಪರದೆ ಕಪ್ಪಾದಾಗ ಅಳಿಸಿಹೋದ ನನ್ನ ವರದಿಯಲ್ಲಿ ಒಂದು ಸಾಲಿತ್ತು. ರೈತರು ತಿಂಗಳುಗಟ್ಟಲೆ ಕೂಗಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ. ಅದನ್ನು ಬರೆಯುವಾಗ ನಾನು ಫೋನಿನಲ್ಲಿ ಹಾಡು ಹಾಕಿಕೊಂಡಿದ್ದೆ, ಫ್ಯಾನಿನ ಸದ್ದು ಕೇಳಬಾರದು ಅಂತ.

ನಿಮ್ಮ ಮನೆಯಲ್ಲಿ ಮಕ್ಕಳ ಲ್ಯಾಪ್‌ಟಾಪ್ ಹೀಗೆ ಮಾಡಿದರೆ ಮೊದಲು ಹಾಸಿಗೆಯಿಂದ ಎತ್ತಿ ಗಟ್ಟಿ ಜಾಗದಲ್ಲಿ ಇಡಿ. ಒಳಗೆ ಯಾವ ಪ್ರೋಗ್ರಾಂ ದುಡಿಯುತ್ತಿದೆ ನೋಡಿ. ಕಾಗದದ ಚೂರು ಹಿಡಿದು ಗಾಳಿ ಬರುತ್ತದೋ ಇಲ್ಲವೋ ನೋಡಿ. ಭಾರದ ಕೆಲಸ ಮಾಡುವಾಗ ಫ್ಯಾನ್ ಏಳುವುದು ಸಹಜ. ಸುಮ್ಮನಿದ್ದಾಗಲೂ ಗಳಿಗೆಗೊಮ್ಮೆ ಎದ್ದು ಬಿದ್ದು ಮಾಡಿದರೆ ಒಮ್ಮೆ ಬಿಚ್ಚಿಸಿ ಧೂಳು ತೆಗೆಸಿ. ಕೆಳಭಾಗ ಉಬ್ಬಿದ್ದರೆ ಬ್ಯಾಟರಿ ಊದಿರಬಹುದು, ಆಗ ಚಾರ್ಜಿಗೆ ಹಾಕಬೇಡಿ, ನೀವಾಗಿ ಬಿಚ್ಚಲೂ ಬೇಡಿ. ದೊಡ್ಡ ಖರ್ಚು ಹೇಳಿದವರಿಗೆ, ಮೊದಲು ಬಿಚ್ಚಿ ತೋರಿಸ್ರಿ ಅನ್ನಿ.

ನಾನು ಈಗ ವರ್ಷಕ್ಕೆ ಎರಡು ಸಲ ಚಾಚಾನ ಹತ್ತಿರ ಹೋಗುತ್ತೇನೆ. ಗಿರಣಿ ಇನ್ನೂ ಪಕ್ಕದಲ್ಲೇ ಇದೆ. ಮಣೆ ಲ್ಯಾಪ್‌ಟಾಪಿನ ಪಾಲಾಗಿದೆ, ಹೆಂಡತಿ ಊಟಕ್ಕೆ ಬೇರೆ ಮಣೆ ತಂದಿದ್ದಾಳೆ. ಫ್ಯಾನ್ ಒಮ್ಮೆ ಗುಂಯ್ ಅಂದರೆ ಸಾಕು, ಅವ್ವ ಅಡಿಗೆಮನೆಯಿಂದಲೇ ಕೂಗುತ್ತಾಳೆ, "ಏನಂತದ ನೋಡೋ ಅದು."

ಬರೆಯುವುದು ಬಿಟ್ಟು ನೋಡುತ್ತೇನೆ.