ಶಿವಯೋಗ ಮಂದಿರದಿಂದ ಬನಶಂಕರಿಯ ರಂಗಕ್ಕೆ

ಬದಾಮಿಗೆ ಬರುವ ಪ್ರವಾಸಿಕರು ಸಾಮಾನ್ಯವಾಗಿ ಮೇಣಬಸದಿಗಳನ್ನು ಹತ್ತಿಳಿದು, ಅಗಸ್ತ್ಯತೀರ್ಥದ ದಂಡೆಯಲ್ಲಿ ತುಸು ದಣಿವಾರಿಸಿಕೊಂಡು, ಪಟ್ಟದಕಲ್ಲಿನತ್ತ ಹೊರಟುಬಿಡುತ್ತಾರೆ. ಚಾಲುಕ್ಯರ ಕಲ್ಲಿನ ಸೆಳೆತ ಅಂತಹುದು, ಅವರನ್ನು ದೂರುವಂತಿಲ್ಲ. ಆದರೆ ಸಂಗೀತದಲ್ಲಿಯೋ ನಾಟಕದಲ್ಲಿಯೋ ಅಭಿರುಚಿಯುಳ್ಳವರು ಇನ್ನೊಂದು ದಿನವನ್ನು ಉಳಿಸಿಕೊಂಡು, ಬನಶಂಕರಿಯ ಮಾರ್ಗವಾಗಿ ಮಲಪ್ರಭೆಯ ದಡದಲ್ಲಿರುವ ಶಿವಯೋಗ ಮಂದಿರದವರೆಗೆ ಹೋಗಿಬರುವುದು ಒಳಿತು. ಅದೂ ಪುಷ್ಯ ಮಾಸದಲ್ಲಿ, ಬನಶಂಕರಿಯ ಜಾತ್ರೆ ನಡೆದಿರುವಾಗ ಹೋದರೆ, ಒಂದೇ ಹಾದಿಯಲ್ಲಿ ಬೇರನ್ನೂ ಕೊಂಬೆಯನ್ನೂ ಕಂಡಂತಾಗುತ್ತದೆ.

ಮೊದಲು ಬೇರಿನ ಮಾತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವು ವೀರಶೈವ ಮಠಗಳಿಗೆ ಯೋಗ್ಯರಾದ ಸ್ವಾಮಿಗಳನ್ನು ಸಿದ್ಧಗೊಳಿಸುವ ಗುರುಕುಲ. ಗಿಡಮರಗಳ ನೆರಳು, ಗೋಶಾಲೆ, ಅಧ್ಯಯನ ಮಾಡುವ ವಟುಗಳು, ಸ್ವಾಮಿಗಳ ಗದ್ದುಗೆ. ಗದ್ದಲವೆಂಬುದು ಅಲ್ಲಿ ಹೊರಗಿನಿಂದ ಬಂದವರದು ಮಾತ್ರ. ಗೋಮಯವನ್ನು ಸುಟ್ಟು, ಬೂದಿಯನ್ನು ಸೋಸಿ ಸಂಸ್ಕರಿಸಿ ಇಲ್ಲಿ ಮಾಡುವ ವಿಭೂತಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ದೇವರ ಜಗುಲಿಯ ಮೇಲಿದೆ. ಇಂತಹ ವೈರಾಗ್ಯದ ನೆಲೆಗೂ ಮುಖಕ್ಕೆ ಬಣ್ಣ ಹಚ್ಚುವ ನಾಟಕಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಆ ನಂಟು ಒಬ್ಬ ಅಂಧ ಬಾಲಕನ ಮೂಲಕ ಬಂದದ್ದು.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಅಂದಿನ ದಿನಗಳಲ್ಲಿ ಬಡ ಮನೆಯ ಕುರುಡು ಮಗುವಿಗೆ ಭಿಕ್ಷೆಯ ಹೊರತು ಬೇರೆ ದಾರಿ ಕಾಣುತ್ತಿರಲಿಲ್ಲ. ಕುಮಾರಸ್ವಾಮಿಗಳು ಈ ಸೋದರರ ಕಂಠವನ್ನು ಕೇಳಿ, ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಮೊದಲು ಕರ್ನಾಟಕ ಸಂಗೀತದ ಪಾಠ. ಆ ಮೇಲೆ ಹಿಂದುಸ್ತಾನಿ ಪದ್ಧತಿಯನ್ನು ಕಲಿಸಲು ಮಿರಜಿನ ನೀಲಕಂಠಬುವಾ ಅವರು ಶಿವಯೋಗ ಮಂದಿರಕ್ಕೇ ಬಂದರು. ಸಂಗೀತಕ್ಕಾಗಿ ಶಿಷ್ಯನು ಗುರುವಿನ ಊರಿಗೆ ಅಲೆಯುವುದು ವಾಡಿಕೆ. ಇಲ್ಲಿ ಗುರುವೇ ನದಿಯ ದಂಡೆಗೆ ನಡೆದು ಬಂದಂತಾಯಿತು.

ಸೋಜಿಗವೆಂದರೆ, ಇದೇ ನೀಲಕಂಠಬುವಾ ಅವರು ನಾಟಕ ಕಂಪನಿಯಲ್ಲಿದ್ದ ಮತ್ತೊಬ್ಬ ಹುಡುಗನ ಹಾಡಿಗೆ ಮನಸೋತು, ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಆ ಹುಡುಗ ಮಲ್ಲಿಕಾರ್ಜುನ ಮನ್ಸೂರ. ಒಬ್ಬನು ಮಠದಿಂದ ಬಂದವನು, ಇನ್ನೊಬ್ಬನು ರಂಗದಿಂದ ಬಂದವನು. ಇಬ್ಬರಿಗೂ ಗುರು ಒಬ್ಬನೇ. ಆ ಕಾಲದಲ್ಲಿ ನಾಟಕದ ಹಾಡಿಗೂ ಬೈಠಕಿನ ಹಾಡಿಗೂ ನಡುವಿನ ಗೋಡೆ ಎಷ್ಟು ತೆಳುವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂದಿನ ಕಂಪನಿ ನಾಟಕವೆಂದರೆ ಅರ್ಧ ಕಥೆ, ಅರ್ಧ ಕಚೇರಿ. ಗದುಗಿನಲ್ಲಿ ಶಾಂತಕವಿಗಳು ವೀರನಾರಾಯಣನ ಹೆಸರಿನಲ್ಲಿ ಮಂಡಳಿಯನ್ನು ಕಟ್ಟಿ ಕನ್ನಡ ರಂಗಕ್ಕೆ ನಾಂದಿ ಹಾಡಿದ ಮೇಲೆ, ಇತ್ತ ಮರಾಠಿಯಲ್ಲಿ 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ಶಾಕುಂತಲ ಜನಮನವನ್ನು ಗೆದ್ದ ಮೇಲೆ, ಹಾಡಲಾರದವನಿಗೆ ರಂಗದ ಮೇಲೆ ರಾಜನ ಪಾತ್ರ ಸಿಗುವುದು ಕಷ್ಟವಾಯಿತು. ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ, ಬಣ್ಣದ ಪರದೆಗಳು, ಸ್ತ್ರೀವೇಷದ ಪುರುಷರು, ಪ್ರೇಕ್ಷಕರ ‘ವನ್ಸ್ ಮೋರ್’. ಸತ್ತು ಬಿದ್ದ ನಾಯಕನು ಎದ್ದು ಕುಳಿತು ಪದವನ್ನು ಮತ್ತೊಮ್ಮೆ ಹಾಡಿ, ಪುನಃ ಸತ್ತನೆಂಬ ವಿನೋದವನ್ನು ಹಿರಿಯರು ಹೇಳುತ್ತಿದ್ದರು. ಅತ್ತ ಮೈಸೂರು ಸೀಮೆಯಲ್ಲಿ ಗುಬ್ಬಿ ವೀರಣ್ಣನವರು 1934ರ ಕುರುಕ್ಷೇತ್ರದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕಿಳಿಸಿದರು. ನಾಯಕನು ದೇವನೋ ದೇವಸಮಾನನೋ ಆಗಿರಬೇಕು, ಖಳನು ರಾಕ್ಷಸನಾಗಿರಬೇಕು, ಕೊನೆಗೆ ಬೆರಗು ಹುಟ್ಟಿಸುವ ಒಂದು ಅದ್ಭುತ ನಡೆಯಬೇಕು: ಇದು ಹಳೆಯ ನಾಟಕದ ಒಪ್ಪಂದ.

ಗವಾಯಿಗಳ ಪರಿವಾರಕ್ಕೆ ನಾಟಕವು ಕೇವಲ ಕಲೆಯಾಗಿರಲಿಲ್ಲ, ಊಟದ ಪ್ರಶ್ನೆಯಾಗಿತ್ತು. ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು ಕಲಿಸಿದ ಅವರ ಸಂಚಾರಿ ಪಾಠಶಾಲೆ ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತವರು, ತಾವೂ ಅಂಧರೇ ಆದ ಪುಟ್ಟರಾಜ ಗವಾಯಿಗಳು. ಆಶ್ರಮದ ನಾಟಕ ಸಂಘಕ್ಕೆ ಕುಮಾರೇಶ್ವರರ ಹೆಸರೇ. ಟಿಕೇಟಿನ ದುಡ್ಡು ಆಶ್ರಮದ ಒಲೆಗೆ ಸೌದೆಯಾಯಿತು. ವಿರಕ್ತ ಗುರುವಿನ ಹೆಸರು ನಾಟಕದ ಹಸ್ತಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾದುದನ್ನು ಕಂಡು ಮೂಗು ಮುರಿದವರೂ ಇದ್ದಿರಬಹುದು. ಹಸಿದ ಮಕ್ಕಳ ಪಂಕ್ತಿಯನ್ನು ಕಂಡವರು ಮುರಿದಿರಲಾರರು.

ಇನ್ನು ಬನಶಂಕರಿಯ ಕಡೆಗೆ ತಿರುಗೋಣ. ಹರಿದ್ರಾತೀರ್ಥದ ಸುತ್ತಲೂ ಇಳಕಲ್ಲ ಸೀರೆಯುಟ್ಟ ಹೆಂಗಸರು ಬುಟ್ಟಿಗಳಲ್ಲಿ ರೊಟ್ಟಿ, ಪಲ್ಯ, ಗಡಿಗೆ ಮೊಸರುಗಳನ್ನು ತಂದು ಬಡಿಸುವರು. ಅದನ್ನು ಉಣ್ಣದೆ ಬಂದವರ ಯಾತ್ರೆ ಅರ್ಧವೇ. ಅಲ್ಲಿಂದಾಚೆ ಬಯಲಿನಲ್ಲಿ ನಾಟಕ ಕಂಪನಿಗಳ ತಾತ್ಕಾಲಿಕ ಥಿಯೇಟರುಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದರ ಧ್ವನಿವರ್ಧಕವು ಇನ್ನೊಂದರ ಸಂಭಾಷಣೆಯನ್ನು ನುಂಗುತ್ತಿರುತ್ತದೆ. ಫಲಕಗಳ ಮೇಲೆ ಚೇಷ್ಟೆಯ ಹೆಸರುಗಳು. ಒಳಗೆ ನಗೆಯ ಹೊನಲು, ಇಮ್ಮಾತುಗಳ ಸುರಿಮಳೆ. ಹಳಬರು ‘ಇದೂ ಒಂದು ನಾಟಕವೇ?’ ಎಂದು ನಿಟ್ಟುಸಿರು ಬಿಡುತ್ತಾರೆ.

ಆ ನಿಟ್ಟುಸಿರಿಗೆ ನಾನು ಪೂರ್ತಿಯಾಗಿ ದನಿಗೂಡಿಸಲಾರೆ. ತುಸು ನಿಂತು ನೋಡಿದರೆ ಹೊಸ ನಾಟಕದ ಮೈಯೊಳಗೆ ಹಳೆಯ ಎಲುಬುಗಳೇ ಇವೆ. ರಾಕ್ಷಸನು ಊರಿನ ಸಾಹುಕಾರನಾಗಿದ್ದಾನೆ, ಮೀಸೆ ಮಾತ್ರ ಅದೇ. ಕೃಷ್ಣನು ಓದಿ ಬಂದ ರೈತನ ಮಗನಾಗಿದ್ದಾನೆ. ಮನೆಮನೆಗೆ ಸುದ್ದಿ ಮುಟ್ಟಿಸಿ ಕಲಹ ಹೂಡುವ ಆಳುಮಗ ನಾರದನಲ್ಲದೆ ಮತ್ತಾರು? ಪವಾಡವೊಂದು ಹೋಯಿತು, ಅದರ ಜಾಗದಲ್ಲಿ ಸಾಲ, ವರದಕ್ಷಿಣೆ, ಕುಡಿತ ಬಂದವು. ತನ್ನ ನೆರೆಮನೆಯವನನ್ನೇ ರಂಗದ ಮೇಲೆ ಕಂಡ ಒಕ್ಕಲಿಗನು ನಕ್ಕು, ಮರುಕ್ಷಣವೇ ಕಣ್ಣೊರೆಸಿಕೊಳ್ಳುವನು. ಇದು ಅಳಿವಲ್ಲ. ಸಿನಿಮಾ ಬಂದ ಮೇಲೂ ದೂರದರ್ಶನ ಬಂದ ಮೇಲೂ ಈ ಬಯಲಿನ ಕಲಾವಿದರಿಗೆ ಅನ್ನ ದೊರಕಿಸಿದ್ದು ಈ ನಗೆಯೇ.

ಕಳೆದುಹೋದದ್ದು ಒಂದೇ, ಆದರೆ ಅದು ಸಣ್ಣದಲ್ಲ: ಹಾಡು. ಏಣಗಿ ಬಾಳಪ್ಪನವರು ಬಸವಣ್ಣನಾಗಿ ನಿಂತು ಮಾತಿನಿಂದ ಹಾಡಿಗೆ ಜಾರಿದಾಗ ಸಂದು ಕಾಣುತ್ತಿರಲಿಲ್ಲವೆಂದು ಕಂಡವರ ಮಾತು. ಈಗ ರಂಗದ ಮುಂದೆ ಹಾರ್ಮೋನಿಯಮ್ಮಿನ ಬದಲು ಕೀಬೋರ್ಡು. ಹಾಡೆಂದರೆ ಸಿನಿಮಾ ಧಾಟಿಗೆ ಒಂದು ಕುಣಿತ. ಕಥೆಯು ಸಿನಿಮಾದ ಪಾಲಾದಂತೆ (1954ರ ಬೇಡರ ಕಣ್ಣಪ್ಪನೂ ಅದರ ನಾಯಕ ರಾಜಕುಮಾರರೂ ಗುಬ್ಬಿ ಕಂಪನಿಯಿಂದಲೇ ಬಂದವರು) ಹಾಡು ಬೈಠಕಿನ ಪಾಲಾಯಿತು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರುಗಳು 1936ರಲ್ಲಿ ಹಂಪೆಯಲ್ಲಿ, ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವದಲ್ಲಿ ಹಾಡಿದಾಗ ತಬಲಾ ನುಡಿಸಿದವರು ಸ್ವತಃ ಗುರುಗಳು. ಮುಂದೆ ಪುಟ್ಟರಾಜರ ಬಳಿ ಬಾಲ್ಯದಲ್ಲಿಯೇ ಬಂದು ವರ್ಷಗಟ್ಟಲೆ ಕಲಿತ ವೆಂಕಟೇಶ ಕುಮಾರರಿಗೆ ಇಂದು ದೇಶವೆಲ್ಲ ಶ್ರೋತೃಗಳು. 1995ರಲ್ಲಿ ಗವಾಯಿಗಳ ಬಾಳನ್ನು ಕುರಿತ ಚಲನಚಿತ್ರ ತಯಾರಾಗಿ, ಅದರ ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಎಲ್ಲವೂ ಸರಿ. ಆದರೆ ಬೈಠಕಿಗೆ ಹೋಗುವವನು ಸಂಗೀತಪ್ರೇಮಿ. ಕಂಪನಿಯ ಚಾಪೆಯ ಮೇಲೆ ಕುಳಿತು ರಾಗದ ಹೆಸರನ್ನೇ ಅರಿಯದೆ ಭೀಮಪಲಾಸಕ್ಕೆ ತಲೆದೂಗುತ್ತಿದ್ದ ಆ ಕೂಲಿಯವನು ಈಗ ಅದನ್ನು ಎಲ್ಲಿ ಕೇಳಬೇಕು?

ಜಾತ್ರೆಯ ತೇರು ಬನದ ಹುಣ್ಣಿಮೆಯಂದು. ನಾಟಕಗಳು ಅದರ ಮೇಲೂ ಹಲವು ವಾರ ನಡೆಯುತ್ತವೆ. ಆದಕಾರಣ ತೇರಿನ ನೂಕುನುಗ್ಗಲಿಗೆ ಹೆದರುವವರು ತಡವಾಗಿ ಹೋದರೂ ನಷ್ಟವಿಲ್ಲ. ಹಗಲಿನಲ್ಲಿ ಶಿವಯೋಗ ಮಂದಿರವನ್ನು ನೋಡಿಕೊಂಡು, ಇಳಿಹೊತ್ತಿಗೆ ಬನಶಂಕರಿಗೆ ಬಂದು, ರೊಟ್ಟಿಯುಂಡು, ರಾತ್ರಿಯ ಆಟಕ್ಕೆ ಕುಳಿತುಕೊಳ್ಳಬಹುದು. ಹೊದೆಯಲು ಒಂದು ಕಂಬಳಿ ಜೊತೆಗಿರಲಿ; ಪುಷ್ಯದ ಚಳಿಗೆ ತಗಡಿನ ಗೋಡೆ ಅಡ್ಡವಾಗುವುದಿಲ್ಲ.