ಶಾಲೆಯ ಬಾಗಿಲು ಮುಚ್ಚಿದ್ದ ದಿನಗಳು

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಯಾವ ವಿಷಯವನ್ನು ಕುರಿತು ಬರೆಯುವುದೆಂದು ನಾವು ಬಹಳ ಹೊತ್ತು ಆಲೋಚಿಸಿದೆವು. ಬಹುಮಾನಗಳ ಪಟ್ಟಿಯೂ ಪರೀಕ್ಷೆಗಳ ಫಲಿತಾಂಶವೂ ವಾರ್ಷಿಕ ವರದಿಯಲ್ಲಿ ಇದ್ದೇ ಇರುವುವು. ಆದರೆ ವರದಿಯಲ್ಲಿ ಸೇರದೆ ಉಳಿದು, ನಮ್ಮ ಮನಸ್ಸಿನಿಂದ ಇಂದಿಗೂ ಮಾಯದಿರುವ ಕಾಲವೊಂದುಂಟು. ಅದು 2020 ಮತ್ತು 2021ನೆಯ ಇಸವಿಗಳ ಕೊರೋನಾ ರೋಗದ ಕಾಲ. ಆಗ ನಾವು ಮಾಡಿದ್ದೇನು, ಮಾಡುವುದರಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಂದಿರ ಮುಂದೆ ಅರಿಕೆ ಮಾಡಿಕೊಳ್ಳುವುದು ನಮ್ಮ ಕರ್ತವ್ಯವೆಂದು ತೋರಿತು.

2020ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮಾರ್ಚಿ 27ನೆಯ ತಾರೀಖಿಗೆ ಆರಂಭವಾಗತಕ್ಕದ್ದಿತ್ತು. ಬೆಂಚುಗಳಿಗೆ ನಂಬರಿನ ಚೀಟಿಗಳನ್ನು ಅಂಟಿಸಿ ಸಿದ್ಧಪಡಿಸಿದ್ದೆವು. ಹೀಗಿರಲಾಗಿ ಪರೀಕ್ಷೆಯು ಮುಂದೆ ಹೋಯಿತೆಂಬ ಆಜ್ಞೆ ಬಂದಿತು. 25ನೆಯ ತಾರೀಖಿನಿಂದ ದೇಶವೆಲ್ಲವೂ ಲಾಕ್‌ಡೌನಿಗೆ ಒಳಪಟ್ಟಿತು. ಪರೀಕ್ಷೆ ನಡೆಯಬೇಕಾಗಿದ್ದ ಅದೇ 27ನೆಯ ತಾರೀಖಿನ ರಾತ್ರಿ, ರೋಮಾಪುರಿಯಲ್ಲಿ ಮಳೆ ಹನಿಯುತ್ತಿರಲು, ಒಬ್ಬ ಮನುಷ್ಯನೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸರು ನಿಂತು ಲೋಕಕ್ಕಾಗಿ ಪ್ರಾರ್ಥಿಸಿದುದನ್ನು ನಾವು ಟಿ.ವಿ.ಯಲ್ಲಿ ಕಂಡೆವು. ಆ ಬರಿದಾದ ಚೌಕವನ್ನು ನೋಡುತ್ತ ನಮ್ಮ ಬರಿದಾದ ಶಾಲಾಂಗಳವು ನೆನಪಾಗಿ ಕಣ್ಣು ತುಂಬಿತು.

ಆ ಪರೀಕ್ಷೆಯು ಕೊನೆಗೆ ಜೂನ್ 25ರಿಂದ ನಡೆಯಿತು. ಬಾಯಿ ಮೂಗುಗಳಿಗೆ ಮಾಸ್ಕು ಕಟ್ಟಿ, ಬಾಗಿಲಲ್ಲಿ ಮೈಯ ಬಿಸಿಯನ್ನು ಪರೀಕ್ಷಿಸಿಕೊಂಡು, ದೂರದೂರ ಕುಳಿತು ನಮ್ಮ ಹುಡುಗಿಯರು ಬರೆದರು. ದೇವರ ದಯದಿಂದ ಯಾರಿಗೂ ಕೇಡಾಗಲಿಲ್ಲ. ಆದರೆ ನಮ್ಮ ನಿಜವಾದ ಪರೀಕ್ಷೆಯು ಅದರ ಮುಂದಿನ ತಂಡದೊಡನೆ ಆರಂಭವಾಯಿತು.

ಹೊಸದಾಗಿ ಹತ್ತನೆಯ ತರಗತಿಗೆ ಬಂದ ಹುಡುಗಿಯರಿಗೆ ಫೋನಿನ ಮೂಲಕವೇ ಪಾಠ ಹೇಳಬೇಕಾಯಿತು. ನಮ್ಮ ಉಪಾಧ್ಯಾಯಿನಿಯರಲ್ಲಿ ಹೆಚ್ಚಿನವರು ಸೀಮೆಸುಣ್ಣವನ್ನು ನಂಬಿ ಬಾಳಿದವರು. ಆದಾಗ್ಯೂ ಅವರು ಹಿಂಜರಿಯಲಿಲ್ಲ. ಒಬ್ಬರು ಮನೆಯ ಜಗಲಿಗೆ ಕರಿಹಲಗೆಯನ್ನು ಸಾಗಿಸಿದರು. ಮತ್ತೊಬ್ಬರು ಅಕ್ಕಿಯ ಡಬ್ಬದ ಮೇಲೆ ಡಬ್ಬವಿಟ್ಟು, ಅದರ ಮೇಲೆ ಫೋನನ್ನು ನಿಲ್ಲಿಸಿ ರೇಖಾಗಣಿತವನ್ನು ಕಲಿಸಿದರು. ಬೆಳಿಗ್ಗೆ ಒಂಬತ್ತು ಗಂಟೆಗೆ ಪ್ರಾರ್ಥನೆ, ತರುವಾಯ ಹಾಜರಿ, ತರುವಾಯ ಪಾಠ. ಐವತ್ತೆಂಟು ಹೆಸರುಗಳಲ್ಲಿ ನಲವತ್ತರಷ್ಟು ಮಂದಿ ಕಾಣಿಸಿಕೊಳ್ಳುತ್ತಿದ್ದರು. ಕಷ್ಟಕಾಲದಲ್ಲಿ ಇದೇನೂ ಕಡಿಮೆಯಲ್ಲವೆಂದು ನಾವು ಸಮಾಧಾನಪಟ್ಟುಕೊಂಡೆವು. ನಮ್ಮ ತಪ್ಪು ಇಲ್ಲಿಯೇ ಮೊದಲಾಯಿತು.

ಶಿಕ್ಷಕಿಯರ ತರಬೇತಿಯಲ್ಲಿದ್ದಾಗ ನಮಗೆ ಹೇಳಿಕೊಟ್ಟ ಮೊದಲನೆಯ ಪಾಠವೆಂದರೆ, ತರಗತಿಯೊಳಗೆ ಕಾಲಿಟ್ಟೊಡನೆ ಕೊನೆಯ ಬೆಂಚನ್ನು ನೋಡಬೇಕೆಂಬುದು. ಫೋನಿನ ಗಾಜಿನಲ್ಲಿ ಕೊನೆಯ ಬೆಂಚು ಎಂಬುದೇ ಇಲ್ಲ. ಬಂದವರು ಕಾಣುತ್ತಾರೆ, ಬಾರದವರು ಇದ್ದರೆಂಬುದೇ ಮರೆತುಹೋಗುತ್ತದೆ. ವರ್ಷದ ಆರಂಭದಲ್ಲಿ ಮನೆಗಳಲ್ಲಿ ಫೋನು ಉಂಟೋ ಇಲ್ಲವೋ ಎಂದು ನಾವು ವಿಚಾರಿಸಿ ಬರೆದುಕೊಂಡಿದ್ದೆವು. ಬಹುಮಂದಿ ಉಂಟೆಂದಿದ್ದರು. ಆದಕಾರಣ ಬಾರದವರನ್ನು ಉದಾಸೀನರೆಂದೇ ಎಣಿಸಿ, ಹಾಜರಿಯು ಕಡ್ಡಾಯವೆಂದು ಎಚ್ಚರಿಕೆಯ ಸಂದೇಶಗಳನ್ನು ಕಳುಹಿಸಿದೆವು. ಬೀಡಿ ಕಟ್ಟಿ ಜೀವಿಸುವ ಒಬ್ಬ ತಾಯಿಗೆ ನಾವೇ ಕರೆಮಾಡಿ, ಮಗಳ ವಿದ್ಯೆಯಲ್ಲಿ ಅವರಿಗೆ ಆಸಕ್ತಿಯಿಲ್ಲವೆಂಬಂತೆ ಗಡುಸಾಗಿ ಮಾತಾಡಿದೆವು. ಆ ಮಾತುಗಳನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಆ ತಾಯಿ ಎದುರಾಡಲಿಲ್ಲ. ಅವರ ಮೌನವೇ ನಮ್ಮನ್ನು ಚುಚ್ಚಿತು. ಜುಲಾಯಿ ತಿಂಗಳ ಕೊನೆಯ ವಾರ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ದಿನ, ಇನ್ನೊಬ್ಬ ಉಪಾಧ್ಯಾಯಿನಿಯನ್ನು ಜತೆಗೆ ಕರೆದುಕೊಂಡು ನಾವು ಆ ಮನೆಗೆ ನಡೆದೆವು. ತಾಯಿಯೂ ಮಗಳೂ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ನಮ್ಮನ್ನು ಕಂಡೊಡನೆ ಹುಡುಗಿಯು ಎಲೆಯ ಗೆರಸೆಯನ್ನು ಬೆನ್ನ ಹಿಂದೆ ಸರಿಸಿ ಎದ್ದುನಿಂತಳು. ಅಂಗಳದಲ್ಲಿ ದೂರ ನಿಂತೇ ನಾವು ಮಾತಾಡಿದೆವು.

“ಫೋನು ಉಂಟು ಟೀಚರೇ, ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಅದು ಹುಡುಗನ ಕೈಯಲ್ಲಿ ಉಂಟು. ಅವನಿಗೂ ಕಾಲೇಜಿನ ಪಾಠ ಇದೇ ಹೊತ್ತಿಗೆ. ಅವನದು ಮುಗಿದ ಮೇಲೆ ಇವಳಿಗೆ ಎಂದು ಇವರ ಅಪ್ಪ ಹೇಳಿದ್ದಾರೆ. ಅವನದು ಮುಗಿಯುವುದು ಯಾವಾಗ, ನೀವೇ ಹೇಳಿ” ಎಂದರು ತಾಯಿ.

ಹುಡುಗಿ ಕೇಳಿದ್ದು ಒಂದೇ ಮಾತು: “ನನ್ನ ಹೆಸರು ರಿಜಿಸ್ಟರಿನಿಂದ ತೆಗೆದಿದ್ದೀರಾ ಟೀಚರ್?”

ಇಲ್ಲವೆಂದು ಹೇಳಿದೆವು. ಆದರೆ ಮನಸ್ಸಿನಿಂದ ತೆಗೆದುಬಿಟ್ಟಿದ್ದೆವಲ್ಲವೇ ಎಂದು ಹಿಂದಿರುಗುವ ದಾರಿಯುದ್ದಕ್ಕೂ ನಮ್ಮ ಅಂತರಂಗವು ಕೇಳುತ್ತಿತ್ತು.

ಆ ಬಳಿಕ ಉಪಾಧ್ಯಾಯಿನಿಯರು ಇಬ್ಬಿಬ್ಬರಾಗಿ ಮನೆಗಳಿಗೆ ಹೋದರು. ತಿಳಿದುಬಂದುದೇನೆಂದರೆ, ಒಂದು ಮನೆಯಲ್ಲಿ ಫೋನು ತಂದೆಯೊಡನೆ ಕೂಲಿಗೆ ಹೋಗಿ ಸಂಜೆ ಏಳಕ್ಕೆ ಹಿಂದಿರುಗುತ್ತಿತ್ತು. ಮತ್ತೊಂದು ಮನೆಯಲ್ಲಿ ರೇಂಜು ಸಿಕ್ಕುವುದು ರಬ್ಬರು ತೋಟದ ಗುಡ್ಡೆಯ ಮೇಲೆ ಮಾತ್ರ. ಗಂಡುಮಕ್ಕಳು ಕೊಡೆ ಹಿಡಿದು ಹತ್ತಿಹೋಗುತ್ತಿದ್ದರು, ಹೆಣ್ಣುಮಗಳನ್ನು ಒಬ್ಬಳನ್ನೇ ಕಳುಹಿಸಲು ಮನೆಯವರಿಗೆ ಧೈರ್ಯವಿರಲಿಲ್ಲ. ಇನ್ನೊಂದೆಡೆ ತಾಯಿಗೆ ಜ್ವರ, ಅಡುಗೆಯ ಭಾರವೆಲ್ಲ ಮಗಳದು. ನಾವು ಕೇಳಬೇಕಾಗಿದ್ದುದು ಮನೆಯಲ್ಲಿ ಫೋನು ಉಂಟೋ ಎಂಬ ಪ್ರಶ್ನೆಯನ್ನಲ್ಲ; ಅದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು. ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವ ನಮಗೇ ಇದು ಮೊದಲು ಹೊಳೆಯಲಿಲ್ಲವೆಂಬುದು ಸೋಜಿಗವೂ ಹೌದು, ನಾಚಿಕೆಯೂ ಹೌದು.

ಅಂದಿನಿಂದ ಕ್ರಮವನ್ನು ಬದಲಿಸಿದೆವು. ಮುಖ್ಯ ಪಾಠಗಳನ್ನು ತಂದೆಯಂದಿರು ಮನೆ ಸೇರುವ ಹೊತ್ತಿಗೆ ಇಟ್ಟೆವು. ಪಾಠದ ಸಾರವನ್ನು ಮುದ್ರಿಸಿ ಹಾಲಿನ ಸೊಸೈಟಿಗಳಲ್ಲಿ ಇರಿಸಿದೆವು; ಹಾಲು ಕೊಡಲು ಬಂದವರು ಮಗಳ ಹಾಳೆಗಳನ್ನು ಒಯ್ದು, ಬರೆದ ಉತ್ತರಗಳನ್ನು ಮರುವಾರ ತಂದುಕೊಟ್ಟರು. ಟಿ.ವಿ. ಇದ್ದ ಮನೆಗಳಿಗೆ ಚಂದನ ವಾಹಿನಿಯ ‘ಸೇತುಬಂಧ’ ಪಾಠಗಳ ವೇಳೆಯನ್ನು ಬರೆದುಕಳುಹಿಸಿದೆವು. ಆಗಸ್ಟಿನಲ್ಲಿ ಸರಕಾರವು ‘ವಿದ್ಯಾಗಮ’ವನ್ನು ಆರಂಭಿಸಿದಾಗ ಇಗರ್ಜಿಯ ಜಗಲಿ, ದೇವಸ್ಥಾನದ ಸಭಾಭವನ, ಮದ್ರಸದ ಕೋಣೆ ಎಲ್ಲವೂ ನಮಗೆ ತೆರೆದವು. ಕ್ಯಾಥೊಲಿಕ ಶಾಲೆಯೆಂದರೆ ಕ್ಯಾಥೊಲಿಕರಿಗೆ ಮಾತ್ರವೇ ಸೇರಿದ ಶಾಲೆಯಲ್ಲವೆಂಬುದನ್ನು ಊರವರೇ ನಮಗೆ ನೆನಪಿಸಿದರು. ಅಕ್ಟೋಬರಿನಲ್ಲಿ ಆ ಯೋಜನೆಯು ನಿಂತರೂ ಹಾಳೆಗಳು ನಿಲ್ಲಲಿಲ್ಲ. ಮಠದ ಭಗಿನಿಯರು ಅಕ್ಕಿ ಬೇಳೆಗಳ ಗಂಟುಗಳೊಳಗೆ ಹಾಳೆಗಳನ್ನು ಸೇರಿಸಿ ಕಳುಹಿಸುತ್ತಿದ್ದರು.

ಹಳೆಯ ವಿದ್ಯಾರ್ಥಿನಿಯರ ಉಪಕಾರವನ್ನು ಇಲ್ಲಿ ಹೇಳದಿದ್ದರೆ ಲೋಪವಾದೀತು. ಮಂಗಳೂರು, ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವವರು ತಾವು ಬಳಸಿ ಬಿಟ್ಟ ಫೋನುಗಳನ್ನು ಕಳುಹಿಸಿದರು. ಅವುಗಳನ್ನು ನಾವು ದಾನವಾಗಿ ಕೊಡಲಿಲ್ಲ. ವಾಚನಾಲಯದ ಪುಸ್ತಕದಂತೆ ರಿಜಿಸ್ಟರಿನಲ್ಲಿ ಹುಡುಗಿಯ ಹೆಸರಿಗೇ ಬರೆದು, ಅವಳ ಸಹಿ ಪಡೆದು, ವರ್ಷದ ಕೊನೆಗೆ ಹಿಂದಿರುಗಿಸತಕ್ಕದ್ದೆಂದು ಹೇಳಿ ಕೊಟ್ಟೆವು. ಶಾಲೆಯ ಸೊತ್ತಾದುದರಿಂದ ಅಣ್ಣಂದಿರು ಅದನ್ನು ಕೇಳಲು ಸ್ವಲ್ಪ ಅಂಜಿದರು. ಅಂಜದ ಒಬ್ಬಿಬ್ಬರು ಅಣ್ಣಂದಿರ ಮೇಲೆ ತಂಗಿಯರೇ ನಮಗೆ ದೂರು ಕೊಟ್ಟರು. ಮೊದಲು ತುಟಿ ಬಿಚ್ಚದಿದ್ದ ಆ ಹುಡುಗಿಯರು ದೂರು ಕೊಡುವಷ್ಟು ಧೈರ್ಯ ತಂದುಕೊಂಡರಲ್ಲಾ ಎಂದು ನಾವು ಒಳಗೊಳಗೆ ಹರ್ಷಿಸಿದೆವು.

2021ನೆಯ ಜನವರಿ 1ರಂದು ಹತ್ತನೆಯ ತರಗತಿಗೆ ಶಾಲೆಯು ತೆರೆಯಿತು. ಏಪ್ರಿಲ್ ಕೊನೆಗೆ ಎರಡನೆಯ ಅಲೆಯು ಮತ್ತೆ ಬಾಗಿಲು ಮುಚ್ಚಿಸಿತು. ಜುಲಾಯಿ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಸರಿಯುತ್ತರವನ್ನು ಗುರುತಿಸುವ ವಿಧದಲ್ಲಿ ಪರೀಕ್ಷೆ ನಡೆಯಿತು. ಬೀಡಿಯ ಗೆರಸೆಯನ್ನು ಬಚ್ಚಿಟ್ಟಿದ್ದ ಹುಡುಗಿಯೂ ಬಂದು ಬರೆದಳು.

ಐವತ್ತೆಂಟು ಮಂದಿಯಲ್ಲಿ ಬರೆದವರು ಐವತ್ತೇಳು. ಉಳಿದ ಒಬ್ಬಳ ಮನೆಗೆ ನಾವು ಹೋಗುವಾಗ ಅಕ್ಟೋಬರು ಆಗಿತ್ತು. ಮನೆ ದೂರ, ದಾರಿ ಕೆಸರು ಎಂದು ಮುಂದೆ ಹಾಕುತ್ತ ಬಂದಿದ್ದೆವು. ಅಷ್ಟರಲ್ಲಿ ಆಕೆಯನ್ನು ಪರವೂರಿನ ಬಂಧುಗಳಲ್ಲಿಗೆ ಮಗುವನ್ನು ನೋಡಿಕೊಳ್ಳುವುದಕ್ಕಾಗಿ ಕಳುಹಿಸಿಬಿಟ್ಟಿದ್ದರು. ಎಷ್ಟು ಹೇಳಿದರೂ ಆಕೆ ಹಿಂದಿರುಗಿ ಬರಲಿಲ್ಲ. ಆಗಸ್ಟಿನಲ್ಲಿಯೇ ಹೋಗಿದ್ದರೆ ತಡೆಯಬಹುದಾಗಿತ್ತು. ಐವತ್ತೇಳು ಎಂಬ ಸಂಖ್ಯೆಯನ್ನು ಕೇಳಿ ಯಾರಾದರೂ ನಮ್ಮನ್ನು ಹೊಗಳಿದರೆ, ಆ ಒಂದು ಹೆಸರೇ ನಮ್ಮ ಕಿವಿಯಲ್ಲಿ ಮೊಳಗುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಹೊರಟ ಕುರುಬನ ಸಾಮ್ಯವನ್ನು ಧರ್ಮೋಪದೇಶದ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇವೋ ತಿಳಿಯದು. ಹೇಳುವುದು ಸುಲಭ.

ಮಂಗಳೂರಿಗೆ 1870ರಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆಯ ಭಗಿನಿಯರು ಬಂದು ಹೆಣ್ಣುಮಕ್ಕಳ ವಿದ್ಯೆಗೆ ಕೈಹಾಕಿದರು. 1921ರಲ್ಲಿ ಅದೇ ಊರಿನಲ್ಲಿ ಸೈಂಟ್ ಆಗ್ನೆಸ್ ಕಾಲೇಜು ಸ್ಥಾಪಿತವಾಯಿತು. ಹೆಣ್ಣಿಗೆ ವಿದ್ಯೆ ಏತಕ್ಕೆಂಬ ಪ್ರಶ್ನೆಯು ನಮ್ಮ ಕರಾವಳಿಯಲ್ಲಿ ಎಂದೋ ಮುಗಿಯಿತೆಂದು ನಾವು ಭಾವಿಸಿದ್ದೆವು. ಆ ಭಗಿನಿಯರು ಬಂದು ಸರಿಯಾಗಿ 150 ವರ್ಷಗಳಾದ ಮೇಲೆ, ಒಂದೇ ಒಂದು ಫೋನಿರುವ ಮನೆಯಲ್ಲಿ ಅದೇ ಪ್ರಶ್ನೆ ಮೆಲ್ಲಗೆ ತಲೆಯೆತ್ತಿದುದನ್ನು ಕಂಡೆವು. ತಂದೆತಾಯಂದಿರಲ್ಲಿ ಯಾರನ್ನೂ ನಾವು ದೂರುವುದಿಲ್ಲ. ಕೊರತೆಯ ಕಾಲದಲ್ಲಿ ಮೊದಲು ಯಾರಿಗೆ ಬಡಿಸುವುದೆಂಬ ಹಳೆಯ ಅಭ್ಯಾಸವು ತಾನಾಗಿ ಕೈಗೆ ಬರುತ್ತದೆ, ಅಷ್ಟೆ.

ಪ್ರಿಯ ತಂದೆತಾಯಂದಿರೇ, ಅಂಥ ಕಾಲವು ಮತ್ತೆ ಬಾರದಿರಲಿ. ಬಂದರೂ ಮಗನ ಪಾಲಿನ ಜತೆಗೆ ಮಗಳ ಪಾಲನ್ನೂ ಎಣಿಸಿ ಇಡಿರೆಂದು ಬೇಡುತ್ತೇವೆ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವಿರುವ ಊರಿನಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳು ಯಾರದೋ ಮಗುವನ್ನು ಎತ್ತಿಕೊಂಡಿರುವುದನ್ನು ಕಂಡರೆ, ಅವಳ ಹೆಸರನ್ನು ಕೇಳಿರಿ. ಅವಳು ನಮ್ಮವಳಾಗಿರಬಹುದು. ನಮ್ಮ ರಿಜಿಸ್ಟರಿನಿಂದ ಅವಳ ಹೆಸರನ್ನು ತೆಗೆದಿಲ್ಲವೆಂದು ಆಕೆಗೆ ತಿಳಿಸಿರಿ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.